ಮಾತ್ರೆ ಡಬ್ಬಿಯ ಮೇಲಿನ ಕೆಂಪು ಬೊಟ್ಟು

ಸೋಮವಾರ ಬೆಳಗ್ಗೆ ಟೋಕನ್ ಕೊಡುವ ಕಿಟಕಿಯನ್ನು ನಾನಿನ್ನೂ ಪೂರ್ತಿ ತೆಗೆದಿರಲಿಲ್ಲ, ಒಂದು ಪ್ಲಾಸ್ಟಿಕ್ ಕವರು ಬಂದು ನನ್ನ ರಿಜಿಸ್ಟರಿನ ಮೇಲೆ ಬಿತ್ತು. ಒಳಗಿದ್ದ ಔಷಧಿ ಡಬ್ಬಿಗಳು ಮೇಜಿನ ತುಂಬ ಚೆಲ್ಲಾಪಿಲ್ಲಿಯಾದವು.

"ನಮ್ಮಪ್ಪನ್ನ ಕೊಂದ್ಬಿಟ್ರಲ್ರೀ! ಯಾರು ಇದನ್ನ ಕೊಟ್ಟಿದ್ದು? ಕರೀರಿ ಆಚೆ!"

ಬೋರ್ಡು ಬರೆಯುವ ಪೇಂಟರ್ ಮಾವನ ಮಗ ಅವನು. ಪೇಂಟರ್ ಮಾವ ನಮ್ಮ ಬೀದಿಗೆಲ್ಲ ಮಾವ. ಚಪ್ಪಲಿ ಅಂಗಡಿಯಿಂದ ಹಿಡಿದು ನಮ್ಮ ಕ್ಲಿನಿಕ್ಕಿನವರೆಗೆ ಅರ್ಧ ಬೀದಿಯ ಬೋರ್ಡು ಅವರ ಕೈಯದೇ. ಶನಿವಾರ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ವಯಸ್ಸಾಗಿತ್ತು, ಹೃದಯ ಸೋತಿತ್ತು, ಹೋದರು ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟು ಸುಮ್ಮನಾಗಿದ್ದೆವು. ಆದರೆ ಮಗನ ಕೈಯಲ್ಲಿದ್ದ ಆಸ್ಪತ್ರೆಯ ಕಾಗದ ಬೇರೆಯೇ ಹೇಳುತ್ತಿತ್ತು. ಎದೆಬಡಿತವನ್ನು ಹಿಡಿತದಲ್ಲಿಡಲು ಅವರು ದಿನಕ್ಕೊಂದು ನುಂಗುತ್ತಿದ್ದ ಮಾತ್ರೆಯ ಮದ್ದು ರಕ್ತದಲ್ಲಿ ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಮೇಲಿತ್ತು. ಆ ಮದ್ದು ಅಳತೆ ಮೀರಿದರೆ ವಿಷ.

ಗಲಾಟೆ ಕೇಳಿ ಹಿಂದಿನ ಕೋಣೆಯಿಂದ ಔಷಧಿ ಸಹಾಯಕಿ ಓಡಿಬಂದಳು. ಡಬ್ಬಿ ನೋಡಿದಳು, ಕಾಗದ ನೋಡಿದಳು, ಮುಖ ಸುಣ್ಣವಾಯಿತು.

"ಕೊಟ್ಟಿದ್ದು ನಾನೇ. ಆದ್ರೆ ಸರಿಯಾಗೇ ಕೊಟ್ಟಿದ್ದೀನಿ ಅಣ್ಣ. ಮೊದಲು ಬಿಳಿ ಮಾತ್ರೆ ಬರ್ತಿತ್ತು, ಆ ಕಂಪನಿ ಮಾಲು ಸಿಗ್ಲಿಲ್ಲ, ಅದೇ ಮಾತ್ರೆ ಗುಲಾಬಿ ಬಣ್ಣದ್ದು ಬಂತು. ಡಬ್ಬಿ ಮೇಲೆ ಚೀಟಿ ಅಂಟಿಸಿದ್ದೆ. ಮನೆಗೆ ಫೋನೂ ಮಾಡಿದ್ದೆ."

"ಎಲ್ಲಿದೆ ಚೀಟಿ? ತೋರ್ಸು!"

ಡಬ್ಬಿಯ ಮೇಲೆ ದಿನಕ್ಕೊಂದು ಎಂಬ ಅಚ್ಚಿನ ಲೇಬಲ್ ಇತ್ತು. ಅದರ ಪಕ್ಕ, ಹೆಬ್ಬೆರಳಗಲದ ಒಂದು ಕೆಂಪು ಬಣ್ಣದ ಬೊಟ್ಟು. ಚೀಟಿ ಮಾತ್ರ ಕಾಣಲಿಲ್ಲ.

ನಮ್ಮದು ಒಬ್ಬರೇ ಡಾಕ್ಟರ ಕ್ಲಿನಿಕ್ಕು. ಮಾತ್ರೆ ಬರೆಯುವುದು ಡಾಕ್ಟರು. ಬರೆದದ್ದು ರೋಗಿಯ ಹೊಟ್ಟೆ ಸೇರುವ ತನಕ ಕಾಯುವವರು ಹಿಂದಿನ ಕೋಣೆಯ ಇಬ್ಬರು. ಹಿರಿಯರು ಫಾರ್ಮಸಿಸ್ಟ್ ಮೇಡಂ. ಆಸ್ಪತ್ರೆಯಿಂದ ಬಂದ ಕಾಗದವನ್ನು ಹಳೆಯ ಪಟ್ಟಿಗೆ ತಾಳೆ ನೋಡುವುದು, ಒಂದಕ್ಕೊಂದು ಆಗದ ಮಾತ್ರೆಗಳನ್ನು ಹಿಡಿದು ಡಾಕ್ಟರ ಕಿವಿ ಹಿಂಡುವುದು ಅವರ ಕೆಲಸ. ಕಿರಿಯವಳು ಈ ಸಹಾಯಕಿ. ತಿಂಗಳ ಮಾತ್ರೆ ಕಟ್ಟುವುದು, ಏನಾದರೂ ಬದಲಾದರೆ ಮನೆಗೆ ಫೋನು ಮಾಡಿ ತಿಳಿಸುವುದು ಅವಳದು. ಜನ ಇವರನ್ನು ಮಾತ್ರೆ ಎಣಿಸುವವರು ಎಂದುಕೊಂಡಿದ್ದಾರೆ. ಇಪ್ಪತ್ತು ವರ್ಷದಿಂದ ಟೋಕನ್ ಕಿಟಕಿಯಲ್ಲಿ ಕೂತಿರುವ ನನ್ನನ್ನು ಕೇಳಿದರೆ, ಆ ಕೋಣೆಗೆ ಬೀಗ ಬಿದ್ದ ದಿನ ಡಾಕ್ಟರೂ ಅಂಗಡಿ ಮುಚ್ಚಬೇಕು.

ಮೇಡಂಗೆ ನಾವಿಟ್ಟ ಅಡ್ಡಹೆಸರು ಭೂತಗನ್ನಡಿ. ಬೇಕರಿಯವನ ಸಕ್ಕರೆ ಕಾಯಿಲೆ ಭಾನುವಾರ ಮಾತ್ರ ಯಾಕೆ ಏರುತ್ತದೆ, ಕೆಮ್ಮಿನ ಔಷಧಿ ಬಾಟಲಿ ಯಾರ ಚೀಲದಲ್ಲಿ ಮಾಯವಾಗುತ್ತಿದೆ, ಎಲ್ಲವನ್ನೂ ಕೂತಲ್ಲೇ ಪತ್ತೆ ಹಚ್ಚಿದವರು. ನನ್ನನ್ನು ಅವರು ಕರೆಯುತ್ತಿದ್ದುದು ರಿಜಿಸ್ಟರ್ ಸಾಹೇಬರು ಎಂದು. ಇಷ್ಟು ದಿನ ಅವರ ಬೆನ್ನ ಹಿಂದೆ ಓಡಾಡಿ, ಗೆದ್ದಾಗೆಲ್ಲ ನಾನೇ ಗೆದ್ದವನಂತೆ ಬೀಗಿದ್ದೇನೆ. ಈ ಸಲದ್ದು ಮಾತ್ರ ಬೀಗುವಂಥದ್ದಲ್ಲ.

ಮಗ ಆಗಲೇ ಆರೋಗ್ಯ ಇಲಾಖೆಗೆ ದೂರು ಕೊಟ್ಟಿದ್ದ. ಶುಕ್ರವಾರ ವಿಚಾರಣಾಧಿಕಾರಿ ಬರುತ್ತಾರೆ, ತಪ್ಪು ಸಹಾಯಕಿಯದೆಂದು ಬರೆದರೆ ಅವಳ ನೋಂದಣಿ ರದ್ದು. ರದ್ದಾದರೆ ಈ ಕೆಲಸ ಇಲ್ಲಿ ಮಾತ್ರವಲ್ಲ, ಎಲ್ಲಿಯೂ ಇಲ್ಲ. ಎರಡು ಸಣ್ಣ ಮಕ್ಕಳ ತಾಯಿ, ಒಂಬತ್ತು ವರ್ಷದಲ್ಲಿ ಒಂದು ಡಬ್ಬಿ ಆಚೀಚೆ ಮಾಡಿದವಳಲ್ಲ. ಡಾಕ್ಟರು ತಲೆ ತಗ್ಗಿಸಿ, "ಅಲ್ಲೀವರೆಗೂ ಮನೇಲಿರಮ್ಮ, ನನ್ನ ಕೈಲೂ ಏನಿಲ್ಲ" ಎಂದರು. ಅವಳು ಬಿಳಿ ಕೋಟು ಮಡಿಚಿ ಕುರ್ಚಿಯ ಮೇಲಿಟ್ಟು ಹೋದಳು.

ಮಗ ಬಿಟ್ಟುಹೋದ ಡಬ್ಬಿಯನ್ನು ಮೇಡಂ ಸಂಜೆಯವರೆಗೂ ತಿರುಗಿಸಿ ತಿರುಗಿಸಿ ನೋಡಿದರು. ಮಾತ್ರೆ ಸರಿ, ಮಿಲಿಗ್ರಾಂ ಲೆಕ್ಕದ ಬಲ ಸರಿ, ಲೇಬಲ್ ಸರಿ. ಕೊಟ್ಟದ್ದು ಇಪ್ಪತ್ತೆಂಟು, ಉಳಿದದ್ದು ಏಳು. ಕೊಟ್ಟು ಆಸ್ಪತ್ರೆ ಸೇರುವವರೆಗೆ ಇಪ್ಪತ್ತೊಂದು ದಿನ.

"ನೋಡಿ ಸಾಹೇಬ್ರೇ, ದಿನಕ್ಕೆ ಒಂದೇ ಹೋಗಿದೆ. ಲೆಕ್ಕ ತಪ್ಪಿಲ್ಲ. ರಕ್ತದಲ್ಲಿ ಮಾತ್ರ ಎರಡರಷ್ಟಿದೆ."

"ಮೂತ್ರಪಿಂಡ ಕೆಟ್ಟಿದ್ರೆ ಮದ್ದು ಮೈಯಲ್ಲೇ ಉಳ್ಕೊಳ್ಳುತ್ತೆ ಅಂತ ನೀವೇ ಹೇಳ್ತಿದ್ರಿ?" ಎಂದೆ. ಅವರ ಜೊತೆ ಸೇರಿ ನನಗೂ ನಾಲ್ಕಕ್ಷರ ಬಂದಿತ್ತು.

"ಹೋದ ತಿಂಗಳ ಪರೀಕ್ಷೆ, ಆಸ್ಪತ್ರೆ ಪರೀಕ್ಷೆ ಎರಡೂ ನೋಡ್ದೆ. ಚೆನ್ನಾಗೇ ಇತ್ತು."

ಆಮೇಲೆ ಅವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಆ ಕೆಂಪು ಬೊಟ್ಟನ್ನು ಮೆಲ್ಲಗೆ ಉಜ್ಜಿದರು. ಬಣ್ಣ ಕರಗಿತು. ಅಡಿಯಲ್ಲಿ ಸಹಾಯಕಿ ಅಂಟಿಸಿದ್ದ ಸಣ್ಣ ಚೀಟಿ! ಅವಳದೇ ದುಂಡಗಿನ ಅಕ್ಷರ: "ಹಳೆಯ ಬಿಳಿ ಮಾತ್ರೆಯ ಬದಲಿಗೆ ಇದು."

ನಾನು ಕುಣಿದೇಬಿಟ್ಟೆ. "ಪಾರಾದಳು ಬಿಡಿ! ಯಾರೋ ಬೇಕಂತಲೇ ಮುಚ್ಚಿದ್ದಾರೆ. ಬಣ್ಣದ ಡಬ್ಬ ಯಾರ ಮನೇಲಿದೆ ಅಂತ ಕೇಳ್ಬೇಕಾ?"

ನನ್ನ ಅನುಮಾನವೆಲ್ಲ ಮಗನ ಮೇಲೆ. ಅಪ್ಪನಿಗೂ ಮಗನಿಗೂ ಅಷ್ಟಕ್ಕಷ್ಟೆ, ಮನೆಯೂ ಬೇರೆ. ಅಪ್ಪ ಕುಂಚ ಹಿಡಿದು ಬರೆದ ಬೀದಿಯಲ್ಲೇ ಮಗ ಯಂತ್ರ ಇಟ್ಟು ಬ್ಯಾನರ್ ಅಚ್ಚು ಹಾಕುತ್ತಿದ್ದ. ತಿಂಗಳಿಗೊಮ್ಮೆ ಅಪ್ಪನ ಮನೆಗೆ ಔಷಧಿ ಒಯ್ಯುತ್ತಿದ್ದವನೂ ಅವನೇ. ಈಗ ಎಲ್ಲರಿಗಿಂತ ಮೊದಲು ಅರಚಿದ್ದೂ ಅವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ.

ಮೇಡಂ ನಗಲಿಲ್ಲ. "ರಿಜಿಸ್ಟರ್ ತೆಗೀರಿ. ಆರು ತಿಂಗಳಿಂದ ಅವರಿಗೆ ಕೊಟ್ಟಿದ್ದೆಲ್ಲ ಓದಿ."

ಓದಿದೆ. ತಿಂಗಳು ತಿಂಗಳೂ ಇಪ್ಪತ್ತೆಂಟು ಬಿಳಿ ಮಾತ್ರೆ, ಕೊನೆಯದು ಗುಲಾಬಿ. ಮೂರು ತಿಂಗಳ ಹಿಂದೆ ಒಮ್ಮೆ ಮಾತ್ರ ಇಪ್ಪತ್ತೊಂದು ಹೆಚ್ಚು. ಆಗ ಮೇಡಂ ಒಂದು ಹೊಸ ಪದ್ಧತಿ ತಂದಿದ್ದರು. ಒಬ್ಬ ರೋಗಿಯ ಐದು ಬಗೆಯ ಮಾತ್ರೆ ಐದು ಬೇರೆ ಬೇರೆ ದಿನ ಮುಗಿದರೆ ಐದು ಸಲ ಅಲೆಯಬೇಕಲ್ಲ, ಅದಕ್ಕೆ ಕೆಲವನ್ನು ಒಮ್ಮೆ ಹೆಚ್ಚಾಗಿ ಕೊಟ್ಟು ಎಲ್ಲ ಒಂದೇ ದಿನಕ್ಕೆ ಬರುವಂತೆ ಹೊಂದಿಸುವುದು. ಪ್ರತಿ ಡಬ್ಬಿಗೂ ರಿಜಿಸ್ಟರಿಗೆ ಅಂಟಿಸಿದ ರಸೀತಿಯ ಮೇಲೆ ಪೇಂಟರ್ ಮಾವನ ಹೆಂಡತಿಯ ಸಹಿ ಇತ್ತು, ಬೋರ್ಡಿಗೆ ಬರೆದಂತೆ ಚೆಂದದ ಸಹಿ. ಮಗನ ಕೈಯಲ್ಲಿ ನಾವು ಕಳಿಸುತ್ತಿದ್ದ ರಸೀತಿಗೆ ಆಕೆ ಹಾಕಿ ವಾಪಸು ಕಳಿಸುತ್ತಿದ್ದದ್ದು.

ಬುಧವಾರ ನಾವಿಬ್ಬರೂ ಅವರ ಮನೆಗೆ ಹೋದೆವು. ಮುಂದಿನ ಕೋಣೆಯೇ ಕೆಲಸದ ಕೋಣೆ. ಗೋಡೆಗೆ ಒರಗಿಸಿದ ತಗಡಿನ ಬೋರ್ಡುಗಳು, ಅರ್ಧ ಬರೆದು ಬಿಟ್ಟ ಒಂದು ಹೋಟೆಲಿನ ಹೆಸರು, ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಬಣ್ಣದ ಡಬ್ಬಗಳು. ಪೇಂಟರ್ ಮಾವನ ಹೆಂಡತಿ, ಬೀದಿಗೆಲ್ಲ ಅತ್ತೆಮ್ಮ, ಕುರ್ಚಿ ಒರೆಸಿ ಕೂರಿಸಿದರು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

"ಕೊನೆಕೊನೇಲಿ ಏನಾದ್ರೂ ಹೇಳ್ತಿದ್ರಾ ಅಮ್ಮ?" ಎಂದು ಮೇಡಂ ಕೇಳಿದರು.

"ಎಲ್ಲಾ ಹಳದಿ ಕಾಣುತ್ತೆ ಅಂತಿದ್ರು. ಬಿಳಿ ಕಲಸಿ ಕೊಟ್ರೆ ಇದ್ರಲ್ಲಿ ಹಳದಿ ಯಾಕೆ ಹಾಕ್ದೆ ಅಂತ ನನ್ನೇ ಬೈದ್ರು. ನಲ್ವತ್ತು ವರ್ಷ ಅವರಿಗೆ ಬಣ್ಣ ಕಲಸಿದ್ದು ನಾನು, ನಂಗೆ ಬಣ್ಣ ತಪ್ಪುತ್ತಾ? ನಕ್ಕುಬಿಟ್ಟೆ. ಡಾಕ್ಟರಿಗೆ ಫೋನ್ ಮಾಡಿದ್ವಿ, ಕಣ್ಣಲ್ಲಿ ಪೊರೆ ಇದೆಯಲ್ಲ, ಹಾಗೇ ಆಗುತ್ತೆ ಅಂದ್ರು. ಆಮೇಲೆ ಊಟ ಸೇರ್ತಿರ್ಲಿಲ್ಲ."

"ಪೊರೆ ಬಂದು ಎಷ್ಟು ದಿನ?"

"ವರ್ಷ ಆಯ್ತು. ಬೋರ್ಡಿನ ದೊಡ್ಡಕ್ಷರ ಹೇಗೋ ಬರೀತಿದ್ರು. ಪೇಪರ್ ಓದೋಕೆ ಆಗ್ತಿರ್ಲಿಲ್ಲ. ಅದನ್ನ ನಿಲ್ಲಿಸ್ಬಿಟ್ವಿ."

"ಮಾತ್ರೆ ಕೊಡ್ತಿದ್ದೋರು?"

"ನಾನೇ. ಒಂದು ದಿನಾನೂ ತಪ್ಪಿಸ್ಲಿಲ್ಲ ತಾಯಿ." ಆಕೆ ಗೂಡಿನ ಪರದೆ ಸರಿಸಿ ತೋರಿಸಿದರು. ಎಷ್ಟು ಅಚ್ಚುಕಟ್ಟು! ಮೇಲಿನ ಸಾಲಿನ ಡಬ್ಬಿಗಳಿಗೆಲ್ಲ ಕೆಂಪು ಬೊಟ್ಟು, ಕೆಳಗಿನ ಸಾಲಿಗೆ ನೀಲಿ. "ಕೆಂಪು ಬೆಳಗ್ಗೆ, ನೀಲಿ ರಾತ್ರಿ. ಒಂದು ಮುಗಿದೇ ಹೋಗಿತ್ತು, ತರಿಸ್ಬೇಕು ಅಂತಿದ್ದೆ, ಅಷ್ಟರಲ್ಲಿ..."

ಮೇಡಂ ಗೂಡಿನ ಮುಂದೆ ಬಹಳ ಹೊತ್ತು ನಿಂತರು. ಒಂದು ಖಾಲಿ ಡಬ್ಬಿಯನ್ನು ತೆಗೆದು, ಒಳಗೆ ನೋಡಿ, ಹಾಗೆಯೇ ಇಟ್ಟರು. ಪ್ರತಿ ಡಬ್ಬಿಯ ಬೊಟ್ಟನ್ನೂ ಬಗ್ಗಿ ನೋಡಿದರು. ವಾಪಸು ಬರುವಾಗ ದಾರಿಯಲ್ಲಿ ನಾನೇ ಕೇಳಿದೆ.

"ಗೊತ್ತಾಯ್ತಾ ಮೇಡಂ?"

"ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು."

ಗುರುವಾರ ಮೇಡಂ ಒಬ್ಬರೇ ಎರಡು ಸಲ ಆ ಮನೆಗೆ ಹೋಗಿಬಂದರು. ಎರಡು ಸಲವೂ ಮುಖ ಇನ್ನಷ್ಟು ಇಳಿದಿತ್ತು. "ಹೇಳೋಣ ಅಂತ ಹೋದೆ. ಬಾಯಿ ಬರ್ಲಿಲ್ಲ. ಆಕೆ ಟೀ ಮಾಡಿಕೊಟ್ರು, ಕುಡಿದು ಬಂದೆ" ಎಂದರು. ಮಾತು ಆಡಿದರೆ ಒಬ್ಬರು ಮುಳುಗುತ್ತಾರೆ, ಆಡದಿದ್ದರೆ ಇನ್ನೊಬ್ಬರು ಮುಳುಗುತ್ತಾರೆ ಎನ್ನುವುದಷ್ಟೇ ನನಗೆ ಅರ್ಥವಾದದ್ದು. ಅತ್ತ ದರಿ, ಇತ್ತ ಪುಲಿ. ಅಧಿಕಾರಿಗೆ ಫೋನು ಮಾಡಿ, ವಿಚಾರಣೆಯಲ್ಲಿ ಅತ್ತೆಮ್ಮ ಇರುವುದು ಬೇಡ ಎಂದು ಮೇಡಂ ಬೇಡಿಕೊಂಡರು. ಅಧಿಕಾರಿ ಒಪ್ಪಿದರು, ಮಗ ಒಪ್ಪಲಿಲ್ಲ. "ನಮ್ಮಮ್ಮನ ಎದುರಿಗೇ ಅವಳು ತಪ್ಪು ಒಪ್ಕೋಬೇಕು" ಎಂದು ಹಟ ಹಿಡಿದ.

ಶುಕ್ರವಾರ ಹತ್ತು ಗಂಟೆಗೆ ರೋಗಿಗಳು ಕೂರುವ ಬೆಂಚುಗಳನ್ನು ಗೋಡೆಗೆ ಸರಿಸಿ ಎಲ್ಲರೂ ಕೂತೆವು. ಅಧಿಕಾರಿ, ಡಾಕ್ಟರು, ಮಗ, ಅವನ ಪಕ್ಕ ಅತ್ತೆಮ್ಮ, ಎದುರಿನ ಮೂಲೆಯಲ್ಲಿ ಸಹಾಯಕಿ. ಅವಳು ನಾಲ್ಕು ದಿನದಲ್ಲಿ ಅರ್ಧ ಆಗಿದ್ದಳು. ಮೇಡಂ ಎದ್ದು ನಿಂತರು. ಬೇರೆ ದಿನಗಳಲ್ಲಿ ಇಂಥ ಹೊತ್ತಿನಲ್ಲಿ ಅವರ ಕಣ್ಣಲ್ಲಿ ಒಂದು ಮಿಂಚು ಇರುತ್ತಿತ್ತು.

"ಮೊದಲನೇ ಪ್ರಶ್ನೆ, ಕೊಟ್ಟ ಮಾತ್ರೆ ತಪ್ಪಾ? ಅಲ್ಲ. ಡಬ್ಬಿ ಇಲ್ಲೇ ಇದೆ, ಬಲ ಸರಿ, ಲೇಬಲ್ ಸರಿ. ಎರಡನೇದು, ಒಂದರ ಬದಲು ಎರಡು ಕೊಟ್ರಾ? ಈ ಡಬ್ಬಿಯಿಂದ ಅಲ್ಲ. ಇಪ್ಪತ್ತೊಂದು ದಿನಕ್ಕೆ ಇಪ್ಪತ್ತೊಂದೇ ಹೋಗಿದೆ. ಹಾಗಾದ್ರೆ ಹೆಚ್ಚಿನ ಮದ್ದು ಬೇರೆ ಡಬ್ಬಿಯಿಂದ ಬಂದಿರಬೇಕು."

"ಎಲ್ಲಿಂದ ಬರುತ್ತೆ?" ಎಂದ ಮಗ.

"ನನ್ನಿಂದ. ದಿನ ಹೊಂದಿಸ್ತೀನಿ ಅಂತ ಮೂರು ತಿಂಗಳ ಹಿಂದೆ ನಾನು ಇಪ್ಪತ್ತೊಂದು ಬಿಳಿ ಮಾತ್ರೆ ಹೆಚ್ಚಿಗೆ ಕೊಡಿಸಿದ್ದೆ. ಆಮೇಲೂ ತಿಂಗಳ ಇಪ್ಪತ್ತೆಂಟು ತಪ್ಪದೆ ಹೋಗ್ತಿತ್ತು, ಹಾಗಾಗಿ ಗುಲಾಬಿ ಡಬ್ಬಿ ಮನೆಗೆ ಬಂದ ದಿನವೂ ಇಪ್ಪತ್ತೊಂದು ಬಿಳಿ ಉಳಿದಿತ್ತು. ಬುಧವಾರ ಗೂಡಲ್ಲಿ ನಾನು ನೋಡಿದ ಖಾಲಿ ಡಬ್ಬಿ ಅದೇ. ಒಳಗೆ ಏಳೇಳರ ಮೂರು ಖಾಲಿ ಪಟ್ಟಿ. ದಿನಾ ಬೆಳಗ್ಗೆ ಬಿಳಿ ಒಂದು, ಗುಲಾಬಿ ಒಂದು ಹೋಗಿದೆ. ಎರಡೂ ಒಂದೇ ಮದ್ದು. ಹಳದಿ ಕಾಣೋದು, ಊಟ ಸೇರದೇ ಇರೋದು, ಎರಡೂ ಆ ಮದ್ದು ಹೆಚ್ಚಾದ ಗುರುತು."

ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ನಾನು ಪೊರೆ ಅಂದೆ. ಕರೆಸಿ ನೋಡಬೇಕಿತ್ತು" ಎಂದರು ಮೆಲ್ಲಗೆ.

"ಬೇಕಂತ ಯಾರಾದ್ರೂ ಕೊಟ್ರಾ? ಇವರ ಮಗ ಅಲ್ಲ. ತಿಂಗಳಿಗೊಂದು ಸಲ ಬರೋರು ಇಪ್ಪತ್ತೊಂದು ಬೆಳಗ್ಗೆ ಹೇಗೆ ಕೊಡ್ತಾರೆ?" ಮೇಡಂ ನನ್ನ ಕಡೆ ನೋಡಲಿಲ್ಲ, ಆದರೂ ನನ್ನ ಕಿವಿ ಬಿಸಿಯಾಯಿತು. "ಇನ್ನು ಚೀಟಿ. ಅದು ಬಣ್ಣದ ಅಡಿಯಲ್ಲಿತ್ತು. ಅಂದ್ರೆ ಬಣ್ಣ ಹಚ್ಚೋ ಮೊದಲೇ ಅಂಟಿಸಿದ್ದು, ಸಹಾಯಕಿ ಸುಳ್ಳು ಹೇಳ್ತಿಲ್ಲ. ಬಣ್ಣ ಹಚ್ಚಿದ್ದು ಮುಚ್ಚಿಡೋಕಾ? ಅದೂ ಅಲ್ಲ. ಆ ಗೂಡಿನ ಎಲ್ಲಾ ಡಬ್ಬಿಗೂ ಬೊಟ್ಟಿದೆ. ಕೆಲವದರಲ್ಲಿ ಖಾಲಿ ಜಾಗದ ಮೇಲಿದೆ, ಕೆಲವದರಲ್ಲಿ ಅಕ್ಷರದ ಮೇಲೇ ಇದೆ. ಹಚ್ಚಿದ ಕೈ ಎಷ್ಟು ಅಚ್ಚುಕಟ್ಟು ಅಂದ್ರೆ ಒಂದು ಬೊಟ್ಟೂ ಸೊಟ್ಟಗಿಲ್ಲ. ಆದ್ರೆ ಆ ಕೈಗೆ ಅಕ್ಷರವೂ ಒಂದೇ, ಖಾಲಿ ಜಾಗವೂ ಒಂದೇ."

ಅಧಿಕಾರಿಗೆ ಇನ್ನೂ ಹೊಳೆದಿರಲಿಲ್ಲ. ಅತ್ತೆಮ್ಮ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು.

"ಗಂಡನಿಗೆ ಕಣ್ಣು ಮಂಜಾದಾಗ ಓದಿ ಹೇಳೋರು ಮನೇಲಿದ್ರೆ ಯಾರೂ ಪೇಪರ್ ನಿಲ್ಲಿಸಲ್ಲ" ಎಂದು ಮೇಡಂ ಮುಂದುವರಿದರು. "ರಸೀತಿ ಮೇಲಿನ ಸಹಿ ನಮಗೆ ಮೋಸ ಮಾಡ್ತು. ಅದು ಬರವಣಿಗೆ ಅಲ್ಲ, ಗಂಡ ಹೇಳಿಕೊಟ್ಟ ಚಿತ್ರ. ಅಮ್ಮ, ನಿಮ್ಮನ್ನ ನೋಯಿಸ್ತಿದ್ದೀನಿ, ನನಗೆ ಬೇರೆ ದಾರಿ ಇಲ್ಲ. ನಲ್ವತ್ತು ವರ್ಷ ಬಣ್ಣ ಕಲಸಿದೋರ ಕಣ್ಣಿಗೆ ಬಿಳಿ ಅಂದ್ರೆ ಬಿಳಿ, ಗುಲಾಬಿ ಅಂದ್ರೆ ಗುಲಾಬಿ. ಬೇರೆ ಬಣ್ಣ ಅಂದ್ರೆ ಬೇರೆ ಮಾತ್ರೆ, ಡಾಕ್ಟರು ಹೊಸದೊಂದು ಸೇರಿಸಿದ್ದಾರೆ ಅಂದ್ಕೊಂಡ್ರಿ. ಒಂದು ದಿನಾನೂ ತಪ್ಪಿಸದೆ ಎರಡೂ ಕೊಟ್ರಿ."

"ಆದರೆ ಈ ಅಮ್ಮನಿಗೆ ಫೋನ್ ಮಾಡಿ ತಿಳಿಸಿದ್ದೀವಿ ಅಂತ ಇದೆಯಲ್ಲ?" ಎಂದರು ಅಧಿಕಾರಿ ಕಡತ ತಿರುವುತ್ತ.

"ಇದೆ. ಆ ಫಾರಂ ಮಾಡಿದ್ದು ನಾನು. ಮಾತ್ರೆ ಬದಲಾದರೆ ಫೋನ್ ಮಾಡಿ, ಚೀಟಿ ಓದಿಕೊಳ್ಳಿ ಅಂತ ಹೇಳಿ, ಅರ್ಥ ಆಯ್ತಾ ಅಂತ ಕೇಳಿ, ಆಯ್ತು ಅಂದ್ರೆ ಗುರುತು ಹಾಕಿ. ಇವಳು ಅದನ್ನ ಚಾಚೂ ತಪ್ಪದೆ ಮಾಡಿದ್ದಾಳೆ. ಅರ್ಥ ಆಯ್ತಾ ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ಇನ್ಮೇಲೆ ಯಾವ ಡಬ್ಬಿಯಿಂದ ಕೊಡ್ತೀರಿ, ಯಾವುದನ್ನ ನಿಲ್ಲಿಸ್ತೀರಿ, ನೀವೇ ಹೇಳಿ ಅಂತ ಒಂದು ಮಾತು ಕೇಳೋ ಹಾಗೆ ನಾನು ಫಾರಂ ಮಾಡಿದ್ರೆ ಪೇಂಟರ್ ಮಾವ ಬದುಕಿರ್ತಿದ್ರು. ಬರ್ಕೊಳ್ಳಿ ಸಾರ್, ತಪ್ಪು ನಂದು ಅಂತ."

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹೇಳುವುದು ಸುಲಭ. ಆ ಫಾರಮನ್ನು ವರ್ಷಗಟ್ಟಲೆ ಕಟ್ಟಿ ಕಪಾಟಿನಲ್ಲಿಟ್ಟವನು ನಾನು, ನನಗೂ ಎಂದೂ ಹೊಳೆದಿರಲಿಲ್ಲ.

ಮಗ ತಾಯಿಯ ಕಡೆ ತಿರುಗಿದ. ಸೋಮವಾರದ ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ.

"ಅಮ್ಮ, ನಿಂಗೆ ಓದೋಕೆ ಬರಲ್ವಾ? ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಂಗೆ ಅಕ್ಷರ ತಿದ್ದಿಸಿದ್ದು ಅವರು. ನಾನು ಪಕ್ಕದಲ್ಲಿ ಕೂತು ಬಣ್ಣ ಕಲಸ್ತಿದ್ದೆ. ಬೋರ್ಡು ಬರೆಯೋನ ಹೆಂಡ್ತಿಗೆ ಓದು ಬರಲ್ಲ ಅಂದ್ರೆ ಜನ ನಗಲ್ವಾ? ನಿಮ್ಮಪ್ಪ ಯಾರಿಗೂ ಗೊತ್ತಾಗೋಕೆ ಬಿಡ್ಲಿಲ್ಲ." ಆಕೆ ಮೇಡಂ ಕಡೆ ನೋಡಿದರು. "ಅಂದ್ರೆ, ನಾನು ಕೊಟ್ಟಿದ್ದಕ್ಕೇ ಹೋದ್ರಾ ತಾಯಿ?"

ಮೇಡಂ ಹತ್ತಿರ ಹೋಗಿ ಆಕೆಯ ಮುಂದೆ ನೆಲದ ಮೇಲೆ ಕೂತು, "ನಾವು ಸರಿಯಾಗಿ ಕೇಳ್ಲಿಲ್ಲ ಅಮ್ಮ" ಎಂದಷ್ಟೇ ಹೇಳಿದರು.

"ನೀವು ಕೇಳಿದ್ರೂ ನಾನು ಏನಾದ್ರೂ ಸುಳ್ಳು ಹೇಳ್ತಿದ್ದೆ" ಎಂದರು ಅತ್ತೆಮ್ಮ.

ಸಹಾಯಕಿ ಮೂಲೆಯಿಂದ ಎದ್ದು ಬಂದು ಆಕೆಯ ಪಕ್ಕ ಕೂತಳು. ಅವಳು ಗೆದ್ದಿದ್ದಳು. ಆದರೆ ಗೆದ್ದವಳ ಹಾಗಿರಲಿಲ್ಲ, ಅಳುತ್ತಿದ್ದಳು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯದೆ ಸುಮ್ಮನೆ ಬಾಗಿಲ ಬಳಿ ನಿಂತಿದ್ದೆ.

ಅಧಿಕಾರಿ ಬಹಳ ಹೊತ್ತು ಬರೆದರು. ಸಹಾಯಕಿಯ ಮೇಲಿನ ಆರೋಪ ಕೈಬಿಡಲಾಗಿದೆ, ಕ್ಲಿನಿಕ್ಕಿನ ಪದ್ಧತಿ ಬದಲಾಗಬೇಕು ಎಂದು ಓದಿ ಹೇಳಿದರು. ಆಮೇಲೆ, ಎಷ್ಟೋ ವರ್ಷದ ಅಭ್ಯಾಸಬಲ, ಹೇಳಿಕೆಯ ಹಾಳೆಯನ್ನು ಅತ್ತೆಮ್ಮನ ಮುಂದೆ ಸರಿಸಿ, "ಓದಿ ನೋಡಿ, ಒಂದು ಸಹಿ ಮಾಡಿ" ಎಂದುಬಿಟ್ಟರು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದರು.

ಅತ್ತೆಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಹಾಳೆಯನ್ನು ಮಗನ ಕೈಗಿತ್ತರು. "ಓದು. ಏನು ಬರೆದಿದ್ದಾರೆ ಅಂತ ಕೇಳಿಯೇ ಸಹಿ ಹಾಕ್ತೀನಿ."

ಅವನು ತಾರೀಕು ಓದಿದ, ಕ್ಲಿನಿಕ್ಕಿನ ವಿಳಾಸ ಓದಿದ, ಅಪ್ಪನ ವಯಸ್ಸು ಓದಿದ. "ಮೃತರ ಪತ್ನಿಯು" ಎಂಬಲ್ಲಿಗೆ ಬಂದು ನಿಂತ. ಹಾಳೆಯನ್ನು ಮಡಿಚಲು ನೋಡಿದ.

"ಮುಂದೆ?"

"ಅಷ್ಟೇ ಅಮ್ಮ. ಮುಗೀತು."

"ಮುಗಿದಿಲ್ಲ. ಇನ್ನೂ ನಾಲ್ಕು ಸಾಲಿದೆ. ಸಾಲು ಎಣಿಸೋಕೆ ನಂಗೂ ಬರುತ್ತೆ. ಓದು ಮಗ."

ಅವನು ಓದಿದ.